ಐತವಾರದ ಮರುದಿನದ ದೇವರು

ನಮ್ಮ ಯಜಮಾನರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನಮ್ಮ ಕಾಲದ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ. ಹೇಳಿದರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದ್ದೆವು. ಬಾಯಿಂದ ಹೇಳಬಾರದು ಸರಿ, ಬರೆದರೇನು ಎಂದು ಮೊಮ್ಮಗಳು ವಾದ ಮಾಡುತ್ತಾಳೆ. ಆ ಪರೀಕ್ಷೆ ನನಗೆ ಬೇಡ. ಓದುವವರಿಗೆ ತಿಳಿಯಲಿ ಎಂದು ಇಷ್ಟು ಹೇಳುತ್ತೇನೆ: ಲಕ್ಷ್ಮೇಶ್ವರದ ದೊಡ್ಡ ಗುಡಿಯ ದೇವರ ಹೆಸರು ಯಾವುದೋ ಅದೇ ಅವರ ಹೆಸರು. ಐತವಾರದ ಮರುದಿನಕ್ಕೂ ಅದೇ ಹೆಸರು. ಹೀಗಾಗಿ ಮದುವೆಯಾದ ಮೇಲೆ ವಾರದಲ್ಲಿ ನನಗೆ ಹೇಳಲು ಉಳಿದದ್ದು ಆರೇ ದಿನ. ಕೆಲಸ ತಪ್ಪಿಸುವವರನ್ನು ಬೈಯಲು ಪುಸ್ತಕದಲ್ಲಿ ಒಂದು ಒಳ್ಳೆಯ ಪದವಿದೆಯಲ್ಲ, ಅದರ ಮೊದಲೆರಡು ಅಕ್ಷರವೂ ಅವರದೇ. ಅದೂ ಹೋಯಿತು. ಮೈಗಳ್ಳ ಎಂಬ ಒಂದು ಪದ ಇಟ್ಟುಕೊಂಡೇ ಇಷ್ಟು ವರ್ಷ ಸಂಸಾರ ಮಾಡಿದ್ದೇನೆ.

ಒಂದೇ ಒಂದು ಸಲ ಹೇಳಲು ಅವಕಾಶವಿತ್ತು. ಮದುವೆಯ ದಿನ ಒಡಪಿನಲ್ಲಿ, ಅಂದರೆ ಪ್ರಾಸ ಕಟ್ಟಿದ ಎರಡು ಸಾಲಿನ ಕೊನೆಗೆ, ಹೆಸರು ಸೇರಿಸಿ ಹೇಳಿದರೆ ದೋಷವಿಲ್ಲ. ನಾನು ಒಡಪು ಬಾಯಿಪಾಠ ಮಾಡಿದ್ದೆ. ಆದರೆ ನನಗೆ ಹುಟ್ಟಿದಾಗಿನಿಂದ ಒಂದು ರೋಗವಿದೆ, ನಗಬಾರದ ಕಡೆ ನಗು ಬರುತ್ತದೆ. ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತು "ಹೇಳಬೇ, ಹೇಳು" ಎನ್ನುತ್ತಿದ್ದಾಗ ಹೆಸರಿನ ಮೊದಲ ಅಕ್ಷರಕ್ಕೆ ಬಂದೆ, ಎದುರಿಗೆ ಬಾಸಿಂಗ ಕಟ್ಟಿಕೊಂಡ ಅವರ ಮುಖ ನೋಡಿದೆ, ಅಲ್ಲಿಗೆ ಮುಗಿಯಿತು. ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಹೆಸರು ಗಂಟಲಲ್ಲೇ ಉಳಿಯಿತು.

ನನ್ನ ತವರು ಶಿರಹಟ್ಟಿ. ಗಂಡನ ಮನೆ ಲಕ್ಷ್ಮೇಶ್ವರ. ಬೆಳಿಗ್ಗೆ ಗಾಡಿ ಹೂಡಿದರೆ ಮಧ್ಯಾಹ್ನದ ರೊಟ್ಟಿಗೆ ಮುಟ್ಟುವಷ್ಟು ದೂರ. ಆದರೆ ಆಗ ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜಿನವರದು, ಗದಗ ಇಂಗ್ಲಿಷರದು. ಒಂದೇ ಕಪ್ಪು ಮಣ್ಣು, ಒಂದೇ ಜೋಳ, ಒಂದೇ ಮಾತು, ಆದರೂ ರಸ್ತೆಗೆ ಅಡ್ಡ ಬೊಂಬು. ಆ ಬೊಂಬಿನ ಪಕ್ಕ ಒಂದು ಬೇವಿನ ಗಿಡ, ಒಂದು ಹಂಚಿನ ಖೋಲಿ. ಅದು ಜಕಾತಿ ನಾಕಾ. ಬರುವ ಗಾಡಿಗಳನ್ನೆಲ್ಲ ನಿಲ್ಲಿಸಿ, ಸಾಮಾನು ನೋಡಿ, ಸುಂಕ ಬರೆದು, ಬೊಂಬು ಎತ್ತಿ ಒಳಗೆ ಬಿಡುವ ಕೆಲಸ. ಆ ಖೋಲಿಯಲ್ಲಿ ಕುಳಿತ ಕಾರಕೂನರೇ ನಮ್ಮ ಯಜಮಾನರು.

ಸ್ವಾತಂತ್ರ್ಯ ಬಂದ ವರ್ಷದ ಬೇಸಿಗೆಯಲ್ಲಿ ಮದುವೆ. ಶಿರಹಟ್ಟಿಯಲ್ಲಿ ಅಕ್ಕಿಕಾಳು ಬಿದ್ದು, ಮರುದಿನ ಲಕ್ಷ್ಮೇಶ್ವರಕ್ಕೆ ಹೊರಟೆವು. ಹಿಂದಿನ ಗಾಡಿಯಲ್ಲಿ ನನ್ನ ತವರಿನ ಭಾಂಡೆ-ಸಾಮಾನು. ನಾಕಾದ ಮುಂದೆ ಗಾಡಿ ನಿಂತಿತು. ಸಿಪಾಯಿ ಬಂದು ಸಲಾಮು ಹೊಡೆದ. ಬೊಂಬು ಮಾತ್ರ ಎತ್ತಲಿಲ್ಲ.

"ಏನೋ, ಎತ್ತೋ" ಅಂದರು ಇವರು.

"ಹೊಸಾ ಭಾಂಡೆ ಅದಾವ್ರಿ ಸಾಹೇಬ್ರ, ಸಂಸ್ಥಾನದ ಹೊರಗಿಂದ ಬಂದಾವ. ನೀವ ಹೇಳೀರಲ್ರಿ, ಯಾರದ ಇರಲಿ ಬಿಡಬ್ಯಾಡ ಅಂತ."

ಇವರು ಬಾಸಿಂಗ ಸಮೇತ ಗಾಡಿಯಿಂದ ಇಳಿದು, ಖೋಲಿಯೊಳಗೆ ಹೋಗಿ, ತಮ್ಮ ಹೆಂಡತಿಯ ಕೊಡಪಾನಕ್ಕೆ ತಾವೇ ಸುಂಕದ ಪಾವತಿ ಬರೆದು ತಾವೇ ತಂದುಕೊಂಡರು. ಬಾಸಿಂಗ ಕಣ್ಣಿಗೆ ಇಳಿದು ಅಕ್ಷರ ಕಾಣಿಸದೆ ಒಂದು ಕೈಯಲ್ಲಿ ಅದನ್ನು ಎತ್ತಿ ಹಿಡಿದು ಬರೆಯುತ್ತಿದ್ದರು. ನಾನು ಗಾಡಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅವರು ಖೋಲಿಯ ಕಿಟಕಿಯಿಂದ ನನ್ನನ್ನು ನೋಡಿ ಸಿಟ್ಟು ಮಾಡಲು ಹೋದರು. ಆಗಲಿಲ್ಲ, ಅವರೂ ನಕ್ಕರು. ಈ ಮನುಷ್ಯನನ್ನು ಬಿಟ್ಟು ಇರಲಾರೆ ಎಂದು ನನಗೆ ಗೊತ್ತಾದದ್ದು ತಾಳಿ ಕಟ್ಟಿದಾಗ ಅಲ್ಲ, ಆಗ.

ಇನ್ನು ದೇವರ ವಿಷಯ. ತವರಿನಲ್ಲಿ ನಾವು ದೇವರಿಗೆ "ಅಂವ" ಎನ್ನುತ್ತಿದ್ದೆವು. ಅಂವ ಅದಾನ, ಅಂವ ನೋಡ್ತಾನ. ಸಲುಗೆಯ ಮಾತು. ಲಕ್ಷ್ಮೇಶ್ವರಕ್ಕೆ ಬಂದ ಹೊಸದರಲ್ಲಿ, ಐತವಾರದ ಮರುದಿನ, ಅತ್ತೆ ಗುಡಿಯಿಂದ ಬಂದರು. ನಾನು ರೊಟ್ಟಿ ಬಡಿಯುತ್ತ ಕೇಳಿದೆ, "ಅಂವಗ ನೀರ ಹಾಕೂದು ಆತೇನ್ರಿ ಅತ್ಯಾರ?"

ಅದೇ ಹೊತ್ತಿಗೆ ಅವರ ಮಗ ಬಚ್ಚಲಲ್ಲಿ ಸ್ನಾನ ಮಾಡುತ್ತಿದ್ದರು.

"ಏನಬೇ! ಕಟಗೊಂಡ ಗಂಡಗ ಅಂವ ಅಂತೀಯೇನು? ನಿಮ್ಮ ಸಾಂಗಲಿ ಮುಲುಕಿನ್ಯಾಗ ಇದ ಕಲಿಸ್ಯಾರೇನು?"

ನಾನು ಹೇಳಿದ್ದು ಗುಡಿಯವರನ್ನು ಎಂದು ತಿಳಿಸಿ ಹೇಳಬೇಕಾದರೆ ಹೆಸರು ಹೇಳಬೇಕು. ಹೆಸರು ಹೇಳುವಂತಿಲ್ಲ. ಬಾಯಿ ಮುಚ್ಚಿಕೊಂಡು ಬೈಸಿಕೊಂಡೆ. ಅಂದಿನಿಂದ ದೇವರಿಗೂ ಬಹುವಚನ ಕೊಟ್ಟುಬಿಟ್ಟೆ. ಗಂಡನೂ ಅವರು, ದೇವರೂ ಅವರು. ಗುಡಿಯಲ್ಲಿ ಕೈ ಮುಗಿದು ನಿಂತಾಗಲೂ ಮನಸ್ಸಿನಲ್ಲಿ "ರೀ, ಇಲ್ಲೆ ಕೇಳ್ರಿ" ಎಂದೇ ಶುರು ಮಾಡುತ್ತಿದ್ದೆ. ದೇವರಿಗೆ ಇದರಿಂದ ಬೇಸರವಾದಂತೆ ಕಾಣಲಿಲ್ಲ.

ಸ್ವಾತಂತ್ರ್ಯ ಬಂತು. ಅದರ ಮರುವರ್ಷ ಸಂಸ್ಥಾನಗಳೆಲ್ಲ ಮುಂಬೈ ಪ್ರಾಂತದಲ್ಲಿ ಸೇರಿಹೋದವು. ಊರ ಮಂದಿ ಹಲಗೆ ಬಾರಿಸಿಕೊಂಡು ನಾಕಾಕ್ಕೆ ಹೋಗಿ ಬೊಂಬು ಕಿತ್ತು ಹೊಲದಲ್ಲಿ ಎಸೆದರು. ನಮ್ಮ ಯಜಮಾನರು ಎಲ್ಲರಿಗಿಂತ ಜೋರಾಗಿ ಜೈ ಎಂದು ಕೂಗಿ, ಟೊಪ್ಪಿಗೆಯನ್ನು ಬೇವಿನ ಗಿಡಕ್ಕಿಂತ ಮೇಲೆ ಹಾರಿಸಿದರು. ಸಂಜೆ ಮನೆಗೆ ಬಂದು ಆ ಟೊಪ್ಪಿಗೆಯನ್ನು ಗೂಟಕ್ಕೆ ಹಾಕುವಾಗ ಕೈ ಹಾಗೇ ನಿಂತಿತು.

"ಏ, ಬೊಂಬು ಹೋತು ಅಂದ್ರ ನನ್ನ ನೌಕರಿನೂ ಹೋತಲ್ಲ?"

ನಾನು ನಕ್ಕೆ. ತಪ್ಪು, ನಗಬಾರದಿತ್ತು. ಆದರೆ ಜೈಕಾರ ಹಾಕಿ ತನ್ನ ನೌಕರಿ ತಾನೇ ಕಳೆದುಕೊಂಡ ಮನುಷ್ಯನ ಮುಖ ನೀವು ನೋಡಿಲ್ಲ. ದೊಡ್ಡ ಕಚೇರಿಯವರಿಗೆಲ್ಲ ಹೊಸ ಸರ್ಕಾರದಲ್ಲಿ ಜಾಗ ಸಿಕ್ಕಿತು. ಇಲ್ಲದ ಗಡಿಗೆ ಕಾರಕೂನ ಯಾರಿಗೆ ಬೇಕು?

ತಮಾಷೆ ಎಂದರೆ, ಬೊಂಬು ಹೋದದ್ದು ಮನುಷ್ಯರಿಗೆ ಗೊತ್ತಾಯಿತು, ಎತ್ತುಗಳಿಗೆ ಗೊತ್ತಾಗಲಿಲ್ಲ. ಬರುವ ಗಾಡಿಯೆಲ್ಲ ಬೇವಿನ ಗಿಡದ ಹತ್ತಿರ ತಾನಾಗಿ ನಿಲ್ಲುತ್ತಿತ್ತು. ಬಾರುಕೋಲಿನಿಂದ ತಿವಿದರೂ ಎತ್ತುಗಳು ಒಂದಿಷ್ಟು ಹೊತ್ತು ನಿಂತು, ಮೂತ್ರ ಮಾಡಿ, ಆಮೇಲೇ ಹೆಜ್ಜೆ ಎತ್ತುತ್ತಿದ್ದವು. ನಮ್ಮ ಯಜಮಾನರದೂ ಅದೇ ಕಥೆ. ಬೆಳಿಗ್ಗೆ ಎದ್ದು, ಕೋಟು ಹಾಕಿಕೊಂಡು, ಬೀಗ ಹಾಕಿದ ಖೋಲಿಯ ಕಟ್ಟೆಯ ಮೇಲೆ ಹೋಗಿ ಕೂಡುತ್ತಿದ್ದರು.

ಓಣಿಯವರು ಬಂದು ಕೇಳುತ್ತಿದ್ದರು, ಮುಂದೇನು ಗತಿ? ನಾನು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದೆ: "ಅವರದಾರ, ಅವರು ನೋಡ್ಕೋತಾರ್ರಿ." ನಾನು ಹೇಳಿದ್ದು ಗುಡಿಯವರನ್ನು. ಖರೆ ಹೇಳುತ್ತೇನೆ, ನನಗೆ ಒಂದು ಚೂರೂ ಭಯವಿರಲಿಲ್ಲ. ರಾಜರು ಹೋದರು, ಇಂಗ್ಲಿಷರು ಹೋದರು, ಗುಡಿಯವರು ಕುಳಿತ ಜಾಗ ಬಿಟ್ಟು ಕದಲಿಲ್ಲ. ಇಷ್ಟು ಮಂದಿಗೆ ರೊಟ್ಟಿ ಕೊಡುವವರು ನಮ್ಮನ್ನೇ ಯಾಕೆ ಮರೆಯುತ್ತಾರೆ ಎಂಬುದು ನನ್ನ ಲೆಕ್ಕ.

ಅತ್ತೆ ಅದನ್ನು ಬೇರೆಯೇ ಕೇಳಿಸಿಕೊಂಡರು. "ನನ್ನ ಸೊಸಿಗೆ ಗಂಡನ ಮ್ಯಾಲೆ ಎಷ್ಟ ಭರೋಸಾ ನೋಡ್ರೆ" ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು. ಬಾಗಿಲ ಹಿಂದೆ ನಿಂತಿದ್ದ ಮಗನೂ ಹಾಗೆಯೇ ಕೇಳಿಸಿಕೊಂಡರು. ನಾನು ಒಮ್ಮೆ "ಅವರು ನೋಡ್ಕೋತಾರ" ಎಂದರೆ ಅವರಿಗೆ ಒಂದು ತುತ್ತು ಕಡಿಮೆ ಇಳಿಯುತ್ತಿತ್ತು. ಅದು ನನಗೆ ಗೊತ್ತಾದದ್ದು ಆಮೇಲೆ.

ಹಿಂಗಾರಿನ ಜೋಳ ಮುಗಿಯುತ್ತ ಬಂದಾಗ ಅತ್ತೆ ಒಂದು ದಿನ ನನ್ನನ್ನು ಹತ್ತಿರ ಕೂಡಿಸಿಕೊಂಡರು. "ಹೊಸಾ ಸೊಸಿ ನಮ್ಮ ಮನ್ಯಾಗ ಅರ್ಧ ಹೊಟ್ಟಿ ಉಣ್ಣೂದು ನನಗ ನೋಡಾಕ ಆಗೂದಿಲ್ಲವಾ. ಇಂವಗೊಂದು ನೌಕರಿ ಹತ್ತೂತನಕ ತವರಿಗೆ ಹೋಗಿ ಇರು. ನಿಮ್ಮಪ್ಪಗ ಖಬರ ಕಳಿಸೇನಿ." ಗಾಡಿ ಯಾವತ್ತು ಹೊರಡಬೇಕು ಎಂಬುದನ್ನೂ ಅವರೇ ಗೊತ್ತು ಮಾಡಿದ್ದರು. ಬರುವ ಐತವಾರದ ಮರುದಿನ!

ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ನೌಕರಿ ಹತ್ತುವ ತನಕ ಎಂದರೆ ಎಲ್ಲಿಯ ತನಕ? ನಮ್ಮ ಶಿರಹಟ್ಟಿಯ ಓಣಿಯಲ್ಲೇ ಹಾಗೆ ಬಂದ ಒಬ್ಬಾಕೆ ತಲೆಗೂದಲು ಬೆಳ್ಳಗಾದರೂ ತಿರುಗಿ ಹೋಗಿರಲಿಲ್ಲ. ಮೊದಲ ಸಲ ನನಗೆ ನಗು ಬರಲಿಲ್ಲ. ನನಗೆ ಯಜಮಾನರನ್ನು ಬಿಟ್ಟು ಹೋಗುವುದು ಬೇಡವಾಗಿತ್ತು, ಅಷ್ಟೇ.

ಆ ದಿನಗಳಲ್ಲೇ ಗದಗಿನಿಂದ ಶಿರಹಟ್ಟಿಯ ಮೇಲೆ ಹಾಯ್ದು ಲಕ್ಷ್ಮೇಶ್ವರಕ್ಕೆ ಒಂದು ಮೋಟಾರು ಬಸ್ಸು ಓಡುತ್ತಿತ್ತು. ಅದರ ಡ್ರೈವರ್ ನಮ್ಮೂರಿನವನೇ, ಮುಸಲ್ಮಾನ, ಐದು ಹೊತ್ತು ನಮಾಜು ತಪ್ಪಿಸದವನು. ಬೇವಿನ ನೆರಳಿಗೆ ಮೋಟಾರು ನಿಲ್ಲಿಸಿ ಇಂಜಿನ್ನಿಗೆ ನೀರು ಹಾಕುತ್ತಿದ್ದ. ಕಟ್ಟೆಯ ಮೇಲೆ ಸಪ್ಪಗೆ ಕುಳಿತ ನಮ್ಮ ಯಜಮಾನರು ಅವನಿಗೆ ತಮ್ಮ ಕಷ್ಟ ಹೇಳಿಕೊಂಡರು. ಅವನು ಸಮಾಧಾನ ಮಾಡಿದ:

"ಚಿಂತಿ ಬಿಡ್ರಿ ಕಾರಕೂನ್ರ. ಮಾಲಿಕ್ ಅದಾನ, ಕೊಡ್ತಾನ." ಎಂದು ಕೈ ಎತ್ತಿ ತೋರಿಸಿದ.

ಅವನು ತೋರಿಸಿದ್ದು ಆಕಾಶ. ಇವರು ಗದಗಿನ ದಿಕ್ಕು ಎಂದುಕೊಂಡರು. ಮೋಟಾರಿನ ಮಾಲಕರು ಕೆಲಸ ಕೊಡುತ್ತಾರೆ ಎಂದೇ ತಿಳಿದು, ಮನೆಗೆ ಓಡಿ ಬಂದು, ಒಗೆದ ಧೋತರ ಉಟ್ಟು, "ಎರಡ ದಿನದಾಗ ಬರ್ತೀನಿ" ಎಂದು ಅದೇ ಮೋಟಾರು ಹತ್ತಿ ಹೋದರು.

ಎರಡು ದಿನ ಹೋಯಿತು. ಮತ್ತೆರಡು ದಿನವೂ ಹೋಯಿತು. ಐತವಾರ ಸಂಜೆ ಅಪ್ಪ ಗಾಡಿ ತಂದು ಅಂಗಳದಲ್ಲಿ ಎತ್ತುಗಳ ಕೊರಳು ಬಿಚ್ಚಿದ. ಇವರ ಸುಳಿವಿಲ್ಲ.

ಮರುದಿನ ಬೆಳಿಗ್ಗೆ ಎತ್ತು ಹೂಡಿದ್ದಾಯಿತು. ನನ್ನ ಗಂಟು ಗಾಡಿ ಸೇರಿತು. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಉಡಿ ತುಂಬಿದರು. ನಾನು ಹೇಳಿದೆ, "ಗುಡಿಗೆ ಹೋಗಿ ಬಂದಬಿಡ್ತೀನ್ರಿ ಅತ್ಯಾರ." ಅಪ್ಪ ಬಿಸಿಲು ಏರುತ್ತದೆ ಎಂದು ಗೊಣಗಿದ. ನಾನು ಕೇಳಿಸಿಕೊಳ್ಳಲಿಲ್ಲ.

ಗುಡಿಯಲ್ಲಿ ಪೂಜಾರಿ ಒಬ್ಬರೇ ಇದ್ದರು, ಲಿಂಗದ ಮೇಲೆ ತಂಬಿಗೆಯಿಂದ ನೀರು ಬಿಡುತ್ತಿದ್ದರು. ನಾನು ಹೊಸ್ತಿಲ ಮುಂದೆ ನಿಂತೆ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು.

"ರೀ" ಎಂದೆ.

"ರೀ, ಇಲ್ಲೆ ಕೇಳ್ರಿ." ನೀರು ಬೀಳುವ ಸದ್ದು ಮಾತ್ರ.

ಆಗ ನನಗೆ ಅನುಮಾನ ಬಂತು. ಜಗತ್ತಿನಲ್ಲಿ ರೀ ಎಂದು ಕರೆಸಿಕೊಳ್ಳುವ ಗಂಡಸರು ಎಷ್ಟು ಮಂದಿ! ಇಷ್ಟು ದಿನ ನಾನು ಕರೆದದ್ದು ತಮ್ಮನ್ನೇ ಎಂದು ದೇವರಿಗೆ ತಿಳಿದಿತ್ತೋ ಇಲ್ಲವೋ? ಹೆಸರು ಹಿಡಿದೇ ಕರೆಯಬೇಕು. ಕರೆದರೆ ಗಂಡನ ಆಯುಷ್ಯ? ಆದರೆ ಆಯುಷ್ಯ ಕೊಡುವವರೂ ಅದೇ ಹೆಸರಿನವರಲ್ಲವೇ, ತಮ್ಮನ್ನು ಕರೆದದ್ದಕ್ಕೆ ತಾವೇ ದಂಡ ಹಾಕುತ್ತಾರೆಯೇ? ಹಾಕುವುದಿಲ್ಲ. ನಂಬುವುದಾದರೆ ಪೂರಾ ನಂಬಬೇಕು. ಕಣ್ಣು ಗಟ್ಟಿ ಮುಚ್ಚಿದೆ, ಒಡಪಿನ ದಿನ ಗಂಟಲಲ್ಲಿ ಉಳಿದಿದ್ದ ಆ ಹೆಸರನ್ನು ಇಡೀ ಗುಡಿ ಕೇಳುವಂತೆ ಒದರಿದೆ.

"ಓ!"

ಪೂಜಾರಿಯವರ ಕೈಯಿಂದ ತಂಬಿಗೆ ಬಿತ್ತು. ದೇವರು ಓಗೊಟ್ಟರು! ದನಿ ಮಾತ್ರ ಬಹಳ ಕರಕರ ಎನ್ನುತ್ತಿತ್ತು. ದಿನವೂ ತಲೆಯ ಮೇಲೆ ತಣ್ಣೀರು ಸುರಿದರೆ ನೆಗಡಿಯಾಗದೆ ಇರುತ್ತದೆಯೇ ಎಂದುಕೊಂಡೆ. ದೇವರಾಣೆ, ಹಾಗೆಯೇ ಅಂದುಕೊಂಡೆ.

"ಹಿಂಗ ಊರೆಲ್ಲಾ ಕೇಳೂಹಂಗ ಯಾಕ ಒದರ್ತಿ? ಬಂದೇನಿ" ಎಂದಿತು ದನಿ. ಹಿಂದಿನಿಂದ.

ತಿರುಗಿದೆ. ತಲೆಯಿಂದ ಕಾಲಿನವರೆಗೆ ರಸ್ತೆಯ ಧೂಳು, ಧೋತರಕ್ಕೆ ಎಣ್ಣೆಯ ಕಲೆ, ಮುಖದ ತುಂಬ ಹಲ್ಲು. ನಮ್ಮ ಯಜಮಾನರು! ಮೋಟಾರು ಇಳಿದು ಮನೆಗೆ ಹೋದರೆ ನಾನು ಗುಡಿಗೆ ಹೋದೆನೆಂದು ಅತ್ತೆ ಹೇಳಿದ್ದರಂತೆ, ಓಡಿ ಬಂದಿದ್ದರು. ನಾನು ಕಂಬ ಹಿಡಿದುಕೊಂಡು ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಅಳುವೂ ಅದರಲ್ಲೇ ಸೇರಿಕೊಂಡಿತ್ತು. ಪೂಜಾರಿಯವರು ನನಗೆ ಏನೋ ಬಡಿದಿದೆ ಎಂದು ವಿಭೂತಿ ತಂದು ಹಣೆಗೆ ಹಚ್ಚಿದರು.

ಅಲ್ಲೇ ಗುಡಿಯ ಕಟ್ಟೆಯ ಮೇಲೆ ಕುಳಿತು ಅವರು ಎಲ್ಲ ಹೇಳಿದರು. ಮಾಲಕರ ಮನೆ ಗದಗಿನ ಪಕ್ಕದ ಬೆಟಗೇರಿಯಲ್ಲಿ. ಅಲ್ಲಿ ಹೋದರೆ ಮಾಲಕರು ಮುಂಡರಗಿಗೆ ಹೋಗಿದ್ದಾರೆ, ಬರುತ್ತಾರೆ ಎಂದರು ಮನೆಯವರು. ಇವರು ಎರಡು ದಿನ ಕಾದರು, ಮಾಲಕರು ಬರಲಿಲ್ಲ. ಇವರೇ ಮುಂಡರಗಿಗೆ ಹೊರಟರು. ಊರು ಇನ್ನೂ ದೂರವಿರುವಾಗ, ಕೆಟ್ಟು ನಿಂತ ಒಂದು ಮೋಟಾರಿನ ಅಡಿಯಿಂದ ಎರಡು ಕಾಲು ಹೊರಗೆ ಬಂದಿದ್ದವು. ಅವೇ ಮಾಲಕರು. ಇವರು ಆ ಕಾಲುಗಳಿಗೇ ನಮಸ್ಕಾರ ಮಾಡಿ ನಿಂತರು.

"ನೌಕರಿಗೆ ಬಂದೇನ್ರಿ. ಮಾಲಕರು ಕೊಡ್ತಾರ ಅಂತ ನಿಮ್ಮ ಡ್ರೈವ್ಹರ್ ಹೇಳ್ಯಾನ್ರಿ."

ಮಾಲಕರು ಸಿಟ್ಟಿನಿಂದ ಹೊರಗೆ ಬಂದರು. "ನನ್ನ ನೌಕರಿ ಹಂಚಾಕ ಅಂವ ಯಾಂವ? ಏನಂದ? ಅಂದಂಗ ಹೇಳು."

"ಮಾಲಿಕ್ ಅದಾನ, ಕೊಡ್ತಾನ, ಅಂದಾನ್ರಿ."

ಮಾಲಕರು ಧೂಳಿನಲ್ಲೇ ಕುಳಿತು ನಕ್ಕರಂತೆ. "ಏ ಪುಣ್ಯಾತ್ಮಾ, ನನ್ನ ಡ್ರೈವ್ಹರ ನನಗ ಅದಾನ ಅಂತಾನೇನು? ಅಂವ ಹೇಳಿದ್ದು ಮ್ಯಾಲಿನಾಂವಗೋ!" ಕಣ್ಣು ಒರೆಸಿಕೊಂಡು ಮತ್ತೆ ಹೇಳಿದರಂತೆ, "ಆದ್ರ ಈಗ ನಾ ಇಲ್ಲ ಅಂದ್ರ ಮ್ಯಾಲಿನಾಂವನ ಹೆಸರು ಕೆಡಿಸಿದಂಗ ಆಕ್ಕೈತಿ. ಅಷ್ಟ ಧೈರ್ಯ ನನಗಿಲ್ಲ. ನಿನಗ ಏನ ಮಾಡಾಕ ಬರತೈತಿ?"

ಗಾಡಿ ನಿಲ್ಲಿಸಲು ಬರುತ್ತದೆ ಎಂದರು ಇವರು. ಅವರಿಗೆ ಬರುತ್ತಿದ್ದದ್ದೂ ಅದೇ. ಲಕ್ಷ್ಮೇಶ್ವರದಲ್ಲಿ ಮೋಟಾರಿಗೆ ಒಂದು ಗೊತ್ತಾದ ನಿಲುಗಡೆಯಿಲ್ಲ, ಮಂದಿ ಹಿಂದೆ ಓಡಿ ಓಡಿ ಹತ್ತುತ್ತಾರೆ ಎಂದು ಮಾಲಕರಿಗೂ ತಲೆಬಿಸಿಯಿತ್ತು. ಇವರು ಎತ್ತುಗಳ ಕಥೆ ಹೇಳಿದರು. ಎಲ್ಲ ಗಾಡಿಗಳೂ ತಾವಾಗಿ ನಿಲ್ಲುವ ಜಾಗವೊಂದಿದೆ, ಬೇವಿನ ನೆರಳಿದೆ, ಒಂದು ಖಾಲಿ ಖೋಲಿ ಇದೆ ಎಂದರು. ನೌಕರಿ ಅಲ್ಲೇ ಗೊತ್ತಾಯಿತು. ಮೋಟಾರು ಸರಿಯಾಗುವ ತನಕ ಇವರೂ ಅದರ ಅಡಿಯಲ್ಲಿ ಮಲಗಿ ನಟ್ಟು ತಿರುಗಿಸುವ ಪಾನಾ ಹಿಡಿದಿದ್ದಾರೆ. ತಡವಾದದ್ದು ಅದಕ್ಕೇ.

ನನಗಾದರೆ ಡ್ರೈವರನ ಏಕವಚನ ಕೇಳಿದ ಕೂಡಲೇ ಗೊತ್ತಾಗುತ್ತಿತ್ತು, ಅದಕ್ಕೆ ನಾನು ಬೈಸಿಕೊಂಡವಳು. ಇವರಿಗೆ ಗೊತ್ತಾಗದೆ ಹೋದದ್ದೇ ಒಳ್ಳೆಯದಾಯಿತು. ಗೊತ್ತಾಗಿದ್ದರೆ ಆ ಕಟ್ಟೆಯ ಮೇಲೆ ಕುಳಿತು ಆಕಾಶ ನೋಡುತ್ತಿದ್ದರು.

"ನನಗ ಧೈರ್ಯ ಎಲ್ಲಿತ್ತು?" ಎಂದರು ಕೊನೆಗೆ, ನನ್ನ ಮುಖ ನೋಡದೆ. "ನೀ ಎಲ್ಲಾರ ಮುಂದ ಅವರು ನೋಡ್ಕೋತಾರ, ಅವರು ನೋಡ್ಕೋತಾರ ಅಂತಿದ್ದಿ. ಅದನ್ನ ಕೇಳಿ ಕೇಳಿ ಹೋದೆ."

ನಾನು ಬಾಯಿ ತೆರೆದೆ, ಗುಡಿಯ ಕಡೆ ನೋಡಿದೆ, ಮುಚ್ಚಿದೆ. ಇಬ್ಬರಲ್ಲಿ ಯಾರಿಗಾದರೂ ಬೇಸರವಾದರೆ ನನಗೆ ನಷ್ಟ.

ಅಪ್ಪ ಬರಿಗಾಡಿ ಹೊಡೆದುಕೊಂಡು ಹೋದ. ನಾಕಾದ ಹತ್ತಿರ ಎತ್ತುಗಳು ನಿಂತವಂತೆ. ನಮ್ಮ ಯಜಮಾನರು ಜೊತೆಗೆ ನಡೆದು ಹೋಗಿದ್ದವರು ಇಲ್ಲದ ಬೊಂಬನ್ನು ಎರಡೂ ಕೈಯಿಂದ ಎತ್ತಿದಂತೆ ಮಾಡಿದರಂತೆ. ಎತ್ತುಗಳು ಸುಮ್ಮನೆ ಮುಂದೆ ನಡೆದವಂತೆ.

ಆಮೇಲಿನದು ಬೇಗ ಹೇಳಬಹುದು. ಅದೇ ಖೋಲಿ, ಅದೇ ಕುರ್ಚಿ. ಬರುವವರನ್ನು ತಡೆಯುತ್ತಿದ್ದವರು ಹೋಗುವವರಿಗೆ ತಿಕೀಟು ಹರಿದು ಕೊಡತೊಡಗಿದರು. ಕೆಲವು ವರ್ಷಕ್ಕೆ ಮೋಟಾರುಗಳನ್ನೆಲ್ಲ ಸರ್ಕಾರವೇ ತೆಗೆದುಕೊಂಡಿತು, ಇವರನ್ನೂ ಕುರ್ಚಿ ಸಮೇತ ತೆಗೆದುಕೊಂಡಿತು. ಮಕ್ಕಳಾದವು. ಅಷ್ಟರಲ್ಲಿ ಏಕೀಕರಣ ಬಂತು. ಮುಂಬೈ ಪ್ರಾಂತದವರಾಗಿದ್ದ ನಾವು ಮಲಗಿ ಏಳುವುದರಲ್ಲಿ ಮೈಸೂರು ರಾಜ್ಯದವರಾದೆವು.

ಆ ದಿನ ಮನೆಯ ಮುಂದೆ ಓಣಿಯ ಮಂದಿ ನೆರೆದಿತ್ತು. ನಾನು ತಾಟಿನಲ್ಲಿ ಬೂಂದಿ ಉಂಡಿ ಹಂಚುತ್ತಿದ್ದೆ. ಎದುರು ಮನೆಯ ಹಿರಿಯಾಕೆ ಕೇಳಿದಳು, "ಮತ್ತ ಸರ್ಕಾರ ಬದಲಿ ಆತಲ್ಲವಾ. ನಿನ್ನ ಗಂಡನ ನೌಕರಿ ಇರತೈತೋ ಹೋಗತೈತೋ?"

"ಅವರದಾರ, ಅವರು ನೋಡ್ಕೋತಾರ್ರಿ" ಎಂದೆ, ರೂಢಿಯಂತೆ.

ಕಟ್ಟೆಯ ಮೇಲೆ ಉಂಡಿ ತಿನ್ನುತ್ತಿದ್ದ ನಮ್ಮ ಯಜಮಾನರು ತಲೆ ಎತ್ತಿದರು. "ಯಾವ ಅವರು? ನಾನೋ, ಗುಡಿಯವರೋ? ಇವತ್ತ ಹೇಳಿಬಿಡು."

ಮಂದಿ ಗೊಳ್ಳೆಂದು ನಕ್ಕಿತು. ನನ್ನ ಕೈಯಲ್ಲಿ ತಾಟು ವಾಲಿ ಉಂಡಿಗಳು ಉರುಳಿದವು. ಅವುಗಳನ್ನು ಆರಿಸುವ ನೆಪದಲ್ಲಿ ಕುಳಿತು ಮೆಲ್ಲಗೆ ಕೇಳಿದೆ, "ನಿಮಗ ಯಾವಾಗ ಗೊತ್ತಾತ್ರಿ?"

"ಅವತ್ತ ಗುಡಿಯಾಗ. ನೀ ಮಾರಿ ಮಾಡಿದ್ದು ಅತ್ತಾಗ, ನಾ ನಿಂತದ್ದು ನಿನ್ನ ಹಿಂದ. ಕರದದ್ದು ನನಗಲ್ಲ ಅಂತ ತಿಳೀಲಾರದಷ್ಟು ದಡ್ಡ ಅಲ್ಲ ನಾ."

"ಮತ್ತ ನೀವ್ಯಾಕ ಓ ಅಂದ್ರಿ?"

ಅವರು ಬಾಯಲ್ಲಿದ್ದ ಉಂಡಿ ನುಂಗಿದರು. "ಅಂವಗ ಬಾಯಿ ಎಲ್ಲೈತಿ? ನೀ ಅಷ್ಟ ಜೀವಾ ತೇದು ಕರದಿದ್ದಿ. ಯಾರರ ಒಬ್ಬರು ಓ ಅನಬೇಕಲ್ಲ."

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಕೈಯಲ್ಲಿ ಒಂದು ಉಂಡಿ ಹಿಡಿದುಕೊಂಡು ಹಾಗೇ ಕುಳಿತೆ. ಅಷ್ಟರಲ್ಲಿ ಒಳಗಿನಿಂದ ಅತ್ತೆ, ಇನ್ನೊಂದು ಬುಟ್ಟಿ ಉಂಡಿ ತೆಗೆದುಕೊಂಡು ಹೋಗು ಎಂದು ಮಗನ ಹೆಸರು ಹಿಡಿದು ಕೂಗಿದರು.

"ಓ" ಎಂದು ಅವರು ಎದ್ದು ಒಳಗೆ ಹೋದರು.